ದುಡಿಮೆ ಇದ್ದರೂ ನಡಿಗೆ ಬೇಕು

"ಬೆಳಗಿನ ಜಾವ ಎದ್ದರೆ ರಾತ್ರಿ ಮಲಗುವವರೆಗೂ ದುಡಿತಾನೇ ಇರ್ತೀನಿ ಡಾಕ್ಟ್ರೇ, ಇನ್ನು ವ್ಯಾಯಾಮ ಬೇರೆ ಬೇಕಾ?"

ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ಹೀಗೆ ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ದಣಿವೇ ಬೇರೆ, ವ್ಯಾಯಾಮವೇ ಬೇರೆ. ದಿನವಿಡೀ ಹೊಲಿಗೆ ಮಷಿನ್ ಮುಂದೆ ಕುಳಿತರೆ ಕತ್ತು, ಸೊಂಟ ನೋಯುತ್ತವೆ. ತೊಡೆ, ಕಾಲಿನ ದೊಡ್ಡ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರ ಪಾಡೂ ಇದೇ. ಈ ಸ್ನಾಯುಗಳು ದುಡಿದಾಗ ರಕ್ತದಲ್ಲಿರುವ ಸಕ್ಕರೆ ಚೆನ್ನಾಗಿ ಬಳಕೆಯಾಗುತ್ತದೆ, ಹೃದಯ ಗಟ್ಟಿಯಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದ ವಯಸ್ಕ ಮಹಿಳೆಯರಲ್ಲಿ ಶೇ. 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಪುರುಷರಲ್ಲಿ ಇದು ಶೇ. 42.

ಹಾಗಾದರೆ ಏನು ಮಾಡಬೇಕು? ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರಿ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಅಳತೆ. ಒಮ್ಮೆಲೇ ಅರ್ಧ ಗಂಟೆ ಸಿಗದಿದ್ದರೆ ಹತ್ತು ಹತ್ತು ನಿಮಿಷ ನಡೆದರೂ ಆದೀತು. ಒಂದು ಸ್ಟಾಪ್ ಮೊದಲೇ ಬಸ್ಸಿನಿಂದ ಇಳಿಯಿರಿ. ಕತ್ತಲು, ಲಾರಿಗಳ ಭಯವಿದ್ದರೆ ನೆರೆಹೊರೆಯವರೊಡನೆ ಜೊತೆಯಾಗಿ ಹೋಗಿ, ಇಲ್ಲವೇ ತಾರಸಿಯ ಮೇಲೆ ನಡೆಯಿರಿ. ಸೀರೆ ಅಡ್ಡಿಯಲ್ಲ, ಕಾಲಿಗೆ ಭದ್ರವಾದ ಚಪ್ಪಲಿ ಇರಲಿ.

ನಡೆಯುವಾಗ ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ನಿಲ್ಲಿಸಿ, ತಡಮಾಡದೆ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಮೊದಲೇ ಸಲಹೆ ಪಡೆಯುವುದು ಒಳ್ಳೆಯದು.

ಕೊನೆಯಲ್ಲಿ, ಮನೆಯ ಗಂಡಸರಿಗೂ ಒಂದು ಮಾತು. ಆಕೆಗೆ ಇಲ್ಲದಿರುವುದು ಮನಸ್ಸಲ್ಲ, ಬಿಡುವು. ಆ ಅರ್ಧ ಗಂಟೆ ಅಡುಗೆಮನೆಯನ್ನು ನೀವು ನೋಡಿಕೊಳ್ಳಿ.