ರೋಗಿಯ ಬದುಕಿಗೂ ಒಂದು ಅಳತೆಗೋಲು

ವಿಜಯಪುರ (ದೇವನಹಳ್ಳಿ ತಾಲೂಕು): ಇದು ಗೋಲಗುಮ್ಮಟದ ವಿಜಯಪುರವಲ್ಲ, ರೇಷ್ಮೆಗೂಡಿನ ವಿಜಯಪುರ. ಇಲ್ಲಿನ ನೂಲು ಬಿಚ್ಚಾಣಿಕೆ ಘಟಕವೊಂದರಲ್ಲಿ ದುಡಿಯುವ ಮಹಿಳೆಯೊಬ್ಬರಿಗೆ ಉಬ್ಬಸವಿದೆ ಎಂದಿಟ್ಟುಕೊಳ್ಳಿ. ವೈದ್ಯರು ಎದೆ ಪರೀಕ್ಷಿಸಿ ‘ರೋಗ ಹಿಡಿತದಲ್ಲಿದೆ’ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಆದರೆ ಬಿಸಿನೀರಿನ ಆವಿಯ ಮುಂದೆ ಆಕೆ ಎಷ್ಟು ಹೊತ್ತು ಕೂರಬಲ್ಲರು? ರಾತ್ರಿ ನಿದ್ದೆ ಬರುತ್ತದೆಯೇ? ನಾಳೆಯ ಕೂಲಿ ತಪ್ಪೀತೆಂಬ ಆತಂಕ ಎಷ್ಟು? ಚೀಟಿಯಲ್ಲಿ ಇವಾವುದಕ್ಕೂ ಜಾಗವಿಲ್ಲ.

ಆ ಜಾಗವನ್ನು ಒದಗಿಸುವ ಪ್ರಯತ್ನವೇ ‘ಜೀವನ ಗುಣಮಟ್ಟ’ದ ಮಾಪನ.

ಅಳೆಯುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಇದಕ್ಕೆಂದೇ ಪ್ರಶ್ನಾವಳಿಯೊಂದನ್ನು ರೂಪಿಸಿತು. ಚೆನ್ನೈ ಮತ್ತು ದೆಹಲಿಯ ಕೇಂದ್ರಗಳೂ ಆ ಕೆಲಸದಲ್ಲಿ ಪಾಲ್ಗೊಂಡಿದ್ದವು. ಅದರ ಕಿರು ಆವೃತ್ತಿಯಲ್ಲಿರುವ 26 ಪ್ರಶ್ನೆಗಳು ದೇಹ, ಮನಸ್ಸು, ಸಾಮಾಜಿಕ ಸಂಬಂಧ ಹಾಗೂ ಪರಿಸರಗಳ ಸ್ಥಿತಿಯನ್ನು ವಿಚಾರಿಸುತ್ತವೆ. ಯೂರೋಪಿನ ಸಂಶೋಧಕರು ಆರಂಭಿಸಿದ ‘ಇಕ್ಯೂ-5ಡಿ’ ಇನ್ನೂ ಚಿಕ್ಕದು. ಓಡಾಟ, ಸ್ವಂತ ಆರೈಕೆ, ನಿತ್ಯದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ ಎಂಬ ಐದೇ ವಿಷಯಗಳು. ಕೊನೆಗೆ, ತನ್ನ ಇಂದಿನ ಆರೋಗ್ಯಕ್ಕೆ 0ಯಿಂದ 100ರೊಳಗೆ ರೋಗಿಯೇ ಅಂಕ ಕೊಡಬೇಕು. ಇಲ್ಲಿ ಪರೀಕ್ಷಕ ವೈದ್ಯನಲ್ಲ, ರೋಗಿ.

ಮೊಬೈಲಿನ ಪಾತ್ರವೇನು?

ಕಾಗದದ ಮೇಲಿನ ಉತ್ತರ ಕಡತ ಸೇರಿಬಿಡುತ್ತದೆ. ಅದೇ ಪ್ರಶ್ನೆಯನ್ನು ಮೊಬೈಲ್ ವಾರಕ್ಕೊಮ್ಮೆ ಕೇಳಬಲ್ಲದು. ನೋವು ಹೆಚ್ಚಿದರೆ ಆ ಕ್ಷಣವೇ ಆಸ್ಪತ್ರೆಗೆ ಎಚ್ಚರಿಕೆ ರವಾನಿಸಬಲ್ಲದು.

ಇದರಿಂದ ಪ್ರಯೋಜನವುಂಟೇ? ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರವು 766 ರೋಗಿಗಳ ಮೇಲೆ ನಡೆಸಿದ ಪ್ರಯೋಗ ಉತ್ತರ ನೀಡಿದೆ. 2016ರಲ್ಲಿ ಪ್ರಕಟವಾದ ವರದಿಯಂತೆ, ತಮ್ಮ ತೊಂದರೆಗಳನ್ನು ಗಣಕದ ಮೂಲಕ ತಿಳಿಸುತ್ತಿದ್ದವರಲ್ಲಿ ಶೇ. 34ರಷ್ಟು ಮಂದಿಯ ಜೀವನ ಗುಣಮಟ್ಟ ಸುಧಾರಿಸಿತು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ. 18 ಮಾತ್ರ. 2017ರ ವರದಿ ಇನ್ನೂ ಅಚ್ಚರಿಯದು. ಮೊದಲ ಗುಂಪಿನವರ ಮಧ್ಯಾಂಕ ಆಯುಷ್ಯ 31.2 ತಿಂಗಳಾದರೆ, ಎರಡನೆಯವರದು 26 ತಿಂಗಳು. ಯಂತ್ರವೇನೂ ರೋಗ ವಾಸಿ ಮಾಡಲಿಲ್ಲ. ಬಂದ ಎಚ್ಚರಿಕೆಗಳಲ್ಲಿ ಶೇ. 77ಕ್ಕೆ ದಾದಿಯರು ಸ್ಪಂದಿಸಿ ಕ್ರಮ ಕೈಗೊಂಡಿದ್ದರು. ಗಣಕದ ಪರಿಚಯವೇ ಇಲ್ಲದವರಿಗೆ ಹೆಚ್ಚು ಲಾಭವಾದದ್ದು ಗಮನಾರ್ಹ.

ಕರ್ನಾಟಕದ ಹಾದಿ

ದೂರವೈದ್ಯಕ್ಕೆ ಕನ್ನಡನಾಡು ಹೊಸದಲ್ಲ. ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಬೆಸೆದುಕೊಂಡದ್ದು 2002ರಲ್ಲಿ. 2019ರಲ್ಲಿ ‘ಇ-ಸಂಜೀವಿನಿ’, 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದವು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ (14416) ಮಾನಸಿಕ ಆರೋಗ್ಯ ಸಹಾಯವಾಣಿಯ ಉಸ್ತುವಾರಿ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ತಂತ್ರಜ್ಞಾನದ ಹೊಣೆ ಇಲ್ಲಿನ ಐಐಐಟಿಯದು. ಈ ಹಾದಿಗಳಲ್ಲಿ ಸಲಹೆ ಮತ್ತು ದಾಖಲೆಗಳು ಸಾಗುತ್ತವೆ. ‘ನಿನ್ನ ದಿನ ಹೇಗೆ ಕಳೆಯಿತು’ ಎಂಬ ಪ್ರಶ್ನೆಯನ್ನೂ ಇವುಗಳಲ್ಲೇ ಕಳುಹಿಸಲು ಸಾಧ್ಯವಿದೆ.

ಆದರೆ ತೊಡಕುಗಳೂ ಇವೆ. ಮನೆಯ ಏಕೈಕ ಸ್ಮಾರ್ಟ್‌ಫೋನ್ ಮಗನ ಕೈಯಲ್ಲಿದ್ದರೆ ತಾಯಿಯ ಉತ್ತರ ಯಾರದು? ಅಕ್ಷರ ಬಾರದವರಿಗೆ ಧ್ವನಿಯಲ್ಲೇ ಪ್ರಶ್ನೆ ಬೇಕು, ಅದೂ ಆಡುಮಾತಿನಲ್ಲಿ. ‘ಖಿನ್ನತೆ’ ಎಂದರೆ ಅರ್ಥವಾಗದು, ‘ಮನಸ್ಸಿಗೆ ಬೇಜಾರೇ?’ ಎಂದರೆ ಉತ್ತರ ಬಂದೀತು. ಮಾಹಿತಿಯ ಗೋಪ್ಯತೆಗಾಗಿ 2023ರಲ್ಲಿ ಕಾಯಿದೆ ರೂಪುಗೊಂಡಿದೆಯಾದರೂ, ಒಪ್ಪಿಗೆ ಕೇಳುವ ಒಕ್ಕಣೆ ರೋಗಿಗೆ ತಿಳಿಯಬೇಕು.

ಎಲ್ಲಕ್ಕಿಂತ ಮಿಗಿಲಾದುದು ಇನ್ನೊಂದು ತುದಿಯ ಮನುಷ್ಯ. ಎಚ್ಚರಿಕೆ ಓದುವ ದಾದಿಯೇ ಇಲ್ಲದಿದ್ದರೆ ಮೊಬೈಲಿನ ಪ್ರಶ್ನೆ ಬರೀ ಉಪಚಾರದ ಮಾತಾದೀತು. ಬಿಚ್ಚಾಣಿಕೆಯ ಆ ಮಹಿಳೆ ‘ಉಸಿರು ಕಟ್ಟುತ್ತಿದೆ’ ಎಂದು ಗುಂಡಿ ಒತ್ತಿದಾಗ ಓಗೊಡುವವರು ಯಾರು ಎಂಬುದನ್ನು ಮೊದಲು ನಿಶ್ಚಯಿಸಬೇಕು. ತಂತ್ರಾಂಶದ ಮಾತು ಆಮೇಲಿನದು.