ಡೀಫನ್‌ಬಾಕಿಯಾ ಒಂದೇ ನಿಮಿಷದಲ್ಲಿ ಕೊಲ್ಲುತ್ತದೆಯೇ? ನಿಜವಾದ ಅಪಾಯ ಗೇಟಿನ ಪಕ್ಕದಲ್ಲಿದೆ

“ಈ ಗಿಡ ಮನೆಯಲ್ಲಿದ್ದರೆ ಕೂಡಲೇ ಕಿತ್ತು ಬಿಸಾಡಿ. ಎಲೆ ತಿಂದರೆ ಮಗು 1 ನಿಮಿಷದಲ್ಲಿ, ದೊಡ್ಡವರು 15 ನಿಮಿಷದಲ್ಲಿ ಸಾಯುತ್ತಾರೆ. ಮುಟ್ಟಿದ ಕೈ ಕಣ್ಣಿಗೆ ತಾಗಿದರೆ ಶಾಶ್ವತ ಕುರುಡು.” ಹಸಿರು ಎಲೆಯ ಮೇಲೆ ಬಿಳಿ ಮಚ್ಚೆಗಳಿರುವ ಡೀಫನ್‌ಬಾಕಿಯಾ ಗಿಡದ ಫೋಟೋ ಜೊತೆ ಈ ಸಂದೇಶ ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ.

ನಮ್ಮ ಮನೆಯವರ ಗ್ರೂಪಿಗೂ ಬಂತು. ಮನೆಯಲ್ಲಿ ನಾಯಿಮರಿ ಇದೆ ಎಂದು ಚಿಕ್ಕಮ್ಮ ಅದೇ ಸಂಜೆ ಕುಂಡವನ್ನು ಹೊರಗೆ ಹಾಕಿದರು. ಅದೇ ವಾರ ಕಾಂಪೌಂಡಿನ ಕಣಗಿಲೆ ಗಿಡ ಕತ್ತರಿಸಿ, ಸೊಪ್ಪನ್ನು ಬೀದಿ ಹಸುಗಳು ಬರುವ ಜಾಗದಲ್ಲೇ ರಾಶಿ ಹಾಕಿದ್ದರು. ಅದರ ಬಗ್ಗೆ ಯಾರೂ ಫಾರ್ವರ್ಡ್ ಕಳಿಸಿರಲಿಲ್ಲ!

ಸಂದೇಶದಲ್ಲಿ ನಿಜ ಎಷ್ಟು?

ಡೀಫನ್‌ಬಾಕಿಯಾ ಎಲೆ, ಕಾಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ನಾಯಿ, ಬೆಕ್ಕು ಅಥವಾ ಮಗು ಅಗಿದರೆ ಅವು ಬಾಯಿ, ನಾಲಿಗೆಗೆ ಚುಚ್ಚುತ್ತವೆ. ಉರಿ, ಊತ, ಜೊಲ್ಲು, ಕೆಲವೊಮ್ಮೆ ವಾಂತಿ ಆಗುತ್ತದೆ. ಗಂಟಲು ಊದಿ ಉಸಿರಾಟಕ್ಕೆ ತೊಂದರೆಯಾಗುವುದು ಅಪರೂಪ, ಆದರೆ ಆದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಸ ಕಣ್ಣಿಗೆ ಬಿದ್ದರೆ ತುಂಬಾ ಉರಿಯುತ್ತದೆ. ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ಗುಣವಾಗುತ್ತದೆ.

ಇದೇ ಬಗೆಯ ಹರಳು ಕೆಸುವಿನ ಎಲೆಯಲ್ಲೂ ಸುವರ್ಣಗೆಡ್ಡೆಯಲ್ಲೂ ಇದೆ. ಪತ್ರೊಡೆಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಆ ತುರಿಕೆ ತಪ್ಪಿಸಲೆಂದೇ. ಅಂದರೆ, ಗಿಡವನ್ನು ಎತ್ತರದಲ್ಲಿಟ್ಟರೆ ಸಾಕು. “ಒಂದೇ ನಿಮಿಷದಲ್ಲಿ ಸಾವು” ಎಂಬುದು ಸುಳ್ಳು.

ಹಾಗಾದರೆ ಯಾವುದಕ್ಕೆ ಹೆದರಬೇಕು?

ಕಣಗಿಲೆಗೆ. ಬಿಳಿ, ಗುಲಾಬಿ ಕಣಗಿಲೆಯ ಎಲೆ, ಹೂ, ಕಾಂಡ, ಬೇರು ಎಲ್ಲದರಲ್ಲೂ ಓಲಿಯಾಂಡ್ರಿನ್‌ನಂಥ, ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷಗಳಿವೆ. ಹಳದಿ ಕಣಗಿಲೆಯ ಬೀಜವೂ ಅಷ್ಟೇ ಅಪಾಯಕಾರಿ. ಹಸುವಿಗೆ ಒಂದು ಹಿಡಿ ಎಲೆ ಸಾಕು, ನಾಯಿಗೆ ಇನ್ನೂ ಕಡಿಮೆ.

“ದನಗಳಿಗೆ ಗೊತ್ತಿರುತ್ತದೆ, ಅವು ತಿನ್ನುವುದಿಲ್ಲ” ಎನ್ನುವವರಿದ್ದಾರೆ. ಅರ್ಧ ನಿಜ. ಹಸಿ ಎಲೆ ಕಹಿ, ಹಾಗಾಗಿ ಬಿಡುತ್ತವೆ. ದನಕರು ಮೇಯುವುದಿಲ್ಲ ಎಂದೇ ಹೆದ್ದಾರಿಯ ಡಿವೈಡರ್‌ಗಳಲ್ಲಿ ಇದನ್ನು ನೆಡುತ್ತಾರೆ. ಆದರೆ ಕತ್ತರಿಸಿದ ಸೊಪ್ಪು ಬಾಡಿ ಒಣಗಿದಾಗ, ಹುಲ್ಲಿನ ಜೊತೆ ಬೆರೆತಾಗ ತಿಂದುಬಿಡುತ್ತವೆ. ಒಣಗಿದರೂ ವಿಷ ಹೋಗುವುದಿಲ್ಲ. ಪೂಜೆ ಮುಗಿದ ಮೇಲೆ ಹೂವನ್ನು ಹಸುವಿನ ಮುಂದೆ ಸುರಿಯುವಾಗಲೂ ಕಣಗಿಲೆಯನ್ನು ಬೇರೆ ಮಾಡಿ.

ಇವೂ ನೆನಪಿರಲಿ

• ಲಿಲಿ: ಬೊಕೆಯಲ್ಲಿ ಬರುವ ಲಿಲಿ ಬೆಕ್ಕಿನ ಕಿಡ್ನಿಯನ್ನು ಕೆಡಿಸುತ್ತದೆ. ಮೈಗೆ ಅಂಟಿದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಅಪಾಯ. ಪೀಸ್ ಲಿಲಿ ಹೆಸರಿಗಷ್ಟೇ ಲಿಲಿ. ಅದರಲ್ಲಿರುವುದು ಕೆಸುವಿನಂಥ ಹರಳು.
• ಸೈಕಸ್: ಪಾರ್ಕು, ಆಫೀಸುಗಳ ಮುಂದಿರುವ ಇದರ ಬೀಜ ತಿಂದ ನಾಯಿಗೆ ಲಿವರ್ ಹಾಳಾಗಬಹುದು.
• ಲಂಟಾನ: ಬಂಡೀಪುರದ ಕಾಡಿನಲ್ಲೂ ಹಬ್ಬಿರುವ ಈ ಕಳೆ ತಿಂದ ದನಗಳಿಗೆ ಕಾಮಾಲೆ ಬರುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಮೇವಿಲ್ಲದ ಬೇಸಿಗೆಯಲ್ಲಿ ಹೆಚ್ಚು ಎಚ್ಚರ ಬೇಕು.

ಪ್ರಾಣಿ ತಿಂದುಬಿಟ್ಟರೆ?

ಬಾಯಲ್ಲಿ ಉಳಿದ ಎಲೆ ತೆಗೆಯಿರಿ. ಉಪ್ಪುನೀರು, ಎಣ್ಣೆ ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ನಾಯಿಗೆ ಉಪ್ಪೇ ವಿಷವಾಗಬಹುದು, ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ತಿಂದ ಗಿಡದ ಒಂದು ಕೊಂಬೆ ಅಥವಾ ಫೋಟೋ ಜೊತೆಗೆ ತಕ್ಷಣ ಪಶುವೈದ್ಯರ ಬಳಿ ಹೋಗಿ. ಲಕ್ಷಣ ಕಾಣಲಿ ಎಂದು ಕಾಯಬೇಡಿ. ಹಸು, ಎಮ್ಮೆ, ಕುರಿಗಳಿಗೆ 1962 ಸಹಾಯವಾಣಿಗೆ ಕರೆ ಮಾಡಿ.

ಕಣಗಿಲೆಯನ್ನು ಕಿತ್ತೆಸೆಯಬೇಕೆಂದಿಲ್ಲ. ಕತ್ತರಿಸಿದ ಸೊಪ್ಪನ್ನು ದನಗಳಿಗೆ ಸಿಗದಂತೆ ಗುಂಡಿ ತೋಡಿ ಮುಚ್ಚಿ. ಸುಡಬೇಡಿ, ಹೊಗೆಯೂ ಒಳ್ಳೆಯದಲ್ಲ. ಚಿಕ್ಕಮ್ಮ ಆ ರಾಶಿಯನ್ನು ಅಂದೇ ತೆಗೆಸಿದರು. ಡೀಫನ್‌ಬಾಕಿಯಾ ಈಗ ಅವರ ಮನೆಯ ಶೆಲ್ಫಿನ ಮೇಲಿದೆ, ನಾಯಿಮರಿಗೆ ಎಟುಕದ ಎತ್ತರದಲ್ಲಿ.