ಕ್ಯಾನ್ಸರ್ ನೋವು: ವೈದ್ಯರ ಕೈ ಕಟ್ಟಿರುವುದೇಕೆ?

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಾವು ಮನೆಮಂದಿಯೆಲ್ಲ ಮರಣದ ಚಿಂತೆಯಲ್ಲಿ ಮುಳುಗುತ್ತೇವೆ. ರೋಗಿಯನ್ನು ಹಗಲಿರುಳು ಹಿಂಡುವುದಾದರೋ ನೋವು. ಇದಕ್ಕೆ ಔಷಧವಿಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಮೂರು ಮೆಟ್ಟಿಲುಗಳ ಕ್ರಮವೊಂದನ್ನು ಸೂಚಿಸಿತು: ಅಲ್ಪ ನೋವಿಗೆ ಪ್ಯಾರಾಸಿಟಮಾಲ್‌ನಂಥ ಗುಳಿಗೆ, ಅದು ಸಾಲದಾದಾಗ ಕೋಡೀನ್‌ನಂಥದು, ತೀವ್ರ ನೋವಿಗೆ ಮಾರ್ಫಿನ್. ಹೀಗಿದ್ದೂ ಈ ಮಾರ್ಫಿನ್ ಎಷ್ಟೋ ರೋಗಿಗಳ ಕೈಸೇರದಿರುವುದೇಕೆ?

ಮಾರ್ಫಿನ್ ದೊರೆಯುವುದು ಅಫೀಮಿನಿಂದ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ರೈತರು ಸರ್ಕಾರದ ಪರವಾನಿಗೆ ಪಡೆದು ಅದನ್ನು ಬೆಳೆಯುತ್ತಾರೆ. ಹೊರದೇಶಗಳಿಗೂ ಅದು ರಫ್ತಾಗಿದೆ. ಬೆಳೆದ ನಾಡಿನ ರೋಗಿಗೇ ಅದು ದುರ್ಲಭ! 1985ರ ಮಾದಕ ದ್ರವ್ಯಗಳ ಕಾಯಿದೆಯು ಕಳ್ಳಸಾಗಣೆಯನ್ನು ತಡೆಯಹೊರಟು ಆಸ್ಪತ್ರೆಯ ಬಾಗಿಲನ್ನೂ ಮುಚ್ಚಿತು. ಸಂಗ್ರಹಕ್ಕೊಂದು, ಸಾಗಣೆಗೊಂದು, ಹೊರರಾಜ್ಯದಿಂದ ತರಿಸಲು ಇನ್ನೊಂದು ಪರವಾನಿಗೆ; ಒಂದು ಕೈಸೇರುವಷ್ಟರಲ್ಲಿ ಮತ್ತೊಂದರ ಅವಧಿ ತೀರಿರುತ್ತಿತ್ತು. ಜೊತೆಗೆ, ಆರಂಭದಲ್ಲಿ ಹಲವು ಅಪರಾಧಗಳಿಗೆ ಕನಿಷ್ಠ ಶಿಕ್ಷೆಯೇ 10 ವರ್ಷಗಳ ಸೆರೆವಾಸ. ಔಷಧಿ ಅಂಗಡಿಯವರೂ ವೈದ್ಯರೂ ಇದರ ಗೊಡವೆಯೇ ಬೇಡವೆಂದರೆ ಅವರನ್ನು ದೂರುವುದೆಂತು? 2014ರ ತಿದ್ದುಪಡಿಯು ದೇಶಕ್ಕೆಲ್ಲ ಒಂದೇ ನಿಯಮಕ್ಕೆ ದಾರಿ ಮಾಡಿತು. ಮಾರ್ಫಿನ್ ಸೇರಿದಂತೆ ಆರು ಔಷಧಗಳಿಗೆ ರಾಜ್ಯದ ಔಷಧ ನಿಯಂತ್ರಕರ ಮನ್ನಣೆ ಪಡೆದರೆ ಆಸ್ಪತ್ರೆಗೆ ಸಾಕಾಯಿತು.

ಕಾಯಿದೆ ಸಡಿಲವಾದ ಮಾತ್ರಕ್ಕೆ ಅಳುಕು ಸಡಿಲವಾಗದು. ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ನೋವಿನ ಉಪಶಮನ ಸರಿಯಾದ ಸ್ಥಾನ ಪಡೆದುದೇ 2019ರಲ್ಲಿ. ಅದಕ್ಕೂ ಮುಂಚೆ ಕಲಿತವರಲ್ಲಿ ಅನೇಕರಿಗೆ, ಉಸಿರು ನಿಂತೀತು, ಚಟ ಹತ್ತೀತು ಎಂಬ ಭಯ. ನೋವನ್ನಳೆದು ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿದಲ್ಲಿ ಈ ಅಪಾಯಗಳು ವಿರಳ. ಹೆಚ್ಚು ಮಂದಿಯನ್ನು ಬಾಧಿಸುವುದು ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಔಷಧ ಕೊಡುವುದು ರೂಢಿ.

ಇನ್ನೊಂದು ತಡೆ ನಮ್ಮ ಮನೆಗಳಲ್ಲಿಯೇ ಉಂಟು. "ಹೇಗಿದ್ದೀರಿ ತಾಯಿ?" ಎಂದು ವೈದ್ಯರು ಕೇಳಿದರೆ ನಮ್ಮ ಹಿರಿಯರ ಬಾಯಿಂದ ಬರುವುದು "ಪರವಾಗಿಲ್ಲರೀ" ಎಂಬ ಒಂದೇ ಮಾತು. ಹೇಳಿಕೊಂಡರೆ ಮಕ್ಕಳಿಗೆ ಭಾರವಾದೇನೆಂಬ ಸಂಕೋಚ, ರೋಗ ಉಲ್ಬಣಿಸಿತೆಂದು ತಿಳಿದಾರೆಂಬ ಅಂಜಿಕೆ. ಹೇಳದ ನೋವಿಗೆ ವೈದ್ಯರು ಏನೆಂದು ಬರೆದಾರು? ಬರೆದುಕೊಟ್ಟರೂ, ಇದು ಕೊನೆಗಾಲದ ಮದ್ದೆಂದು ಹೆದರಿ ಗುಳಿಗೆಯನ್ನು ಮುಚ್ಚಿಡುವ ಮನೆಗಳಿವೆ. ಸಾಮಾನ್ಯ ಮಾರ್ಫಿನ್ ಗುಳಿಗೆಯ ಪ್ರಭಾವ ಸುಮಾರು ನಾಲ್ಕು ಗಂಟೆ. ಅದನ್ನು ಗಡಿಯಾರ ನೋಡಿ ಕೊಡಬೇಕು. ನರಳಾಟ ಕೇಳಿದ ಮೇಲಲ್ಲ.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವಿನ ಉಪಶಮನಕ್ಕೆ ಪ್ರತ್ಯೇಕ ವಿಭಾಗವಿದೆ. ಕರುಣಾಶ್ರಯವು 1999ರಿಂದ ಇಂಥ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ. ಯಾವ ವೈದ್ಯರಲ್ಲಿಗೆ ಹೋದರೂ, ನೋವು ಎಲ್ಲಿ, ಎಷ್ಟು ಹೊತ್ತು, ರಾತ್ರಿ ನಿದ್ದೆ ಬಂದಿತೇ ಎಂಬುದನ್ನು ಚೀಟಿಯಲ್ಲಿ ಬರೆದೊಯ್ದರೆ ಅವರ ಅರ್ಧ ಕೆಲಸ ಹಗುರವಾದೀತು.